2,74,000 ಕಿಲೋಮೀಟರ್ ಓಡಿದ 525ಐ, ಹತ್ತೊಂಬತ್ತರ ನಾನು

ಹೋದ ವಾರ ನನ್ನ ಕಾರಿನ ಮೀಟರ್ 3,30,000 ದಾಟಿತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಕೊಂಡಾಗ 2,74,000 ಚಿಲ್ಲರೆ ಇತ್ತು. ನಡುವೆ ಹತ್ತಿರಹತ್ತಿರ ನಾಲ್ಕು ವರ್ಷ. ಟೋ ಗಾಡಿ ಕರೆಸಿದ್ದು ಒಂದೇ ಸಲ, ಅದೂ ನನ್ನ ಜಿಪುಣತನದಿಂದ. "ಆನೆ ಕೊಳ್ಳೋದು ಸುಲಭ ಕಣೋ, ಮೇವು ಹಾಕೋದು ಕಷ್ಟ. ಆರು ತಿಂಗಳಲ್ಲಿ ಗುಜರಿಗೆ ಹಾಕ್ತೀಯ" ಅಂದಿದ್ದ ಸೋದರಮಾವನೇ ಈಗ ದೂರದೂರಿಗೆ ಹೋಗಬೇಕಾದರೆ ಕೀ ಕೇಳುತ್ತಾರೆ. ಈ ಬರಹಕ್ಕೆ ಅಷ್ಟು ಕಾರಣ ಸಾಕು.

ಕಾರು ಬಿಎಂಡಬ್ಲ್ಯು 5 ಸೀರೀಸಿನ ಇ39 ಅನ್ನುವ ಹಳೆಯ ಮಾದರಿ, ಎಂ54 ಎಂಜಿನ್ನಿನ 525ಐ. ಸಾಲಾಗಿ ಆರು ಸಿಲಿಂಡರ್, 192 ಅಶ್ವಶಕ್ತಿ, ಮ್ಯಾನುಯಲ್ ಗೇರ್. ಮ್ಯಾನುಯಲ್ಲೇ ಬೇಕೆಂದು ಕಾದದ್ದು ಶೋಕಿಗಲ್ಲ. ಇಷ್ಟು ಓಡಿದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ ಅದರ ರಿಪೇರಿ ಕಾರಿನ ಬೆಲೆಯನ್ನೇ ನುಂಗುತ್ತದೆ, ಕ್ಲಚ್ ಆದರೆ ನಾನೇ ಬದಲಿಸಬಲ್ಲೆ. ಟೈಮಿಂಗಿಗೆ ಬೆಲ್ಟ್ ಇಲ್ಲ, ಚೈನು. ಆ ಖರ್ಚೂ ಉಳಿಯಿತು.

ಆಗ ಓದಿನ ಜೊತೆಗೆ ಅರೆಕಾಲಿಕ ಕೆಲಸ ಮಾಡುತ್ತಿದ್ದೆ. ದುಡ್ಡಿನ ಲೆಕ್ಕವನ್ನು ಆ ಸಂಬಳದಲ್ಲೇ ಹೇಳುತ್ತೇನೆ, ನೋವು ಆಗಲೇ ಸರಿಯಾಗಿ ತಿಳಿಯುವುದು. ಕೈಯಲ್ಲಿ ಹದಿನೆಂಟು ತಿಂಗಳ ಸಂಬಳವಿತ್ತು. ನಾನು ಹಾಕಿಕೊಂಡ ಕಟ್ಟಳೆ ಒಂದೇ: ಅದರಲ್ಲಿ ಅರ್ಧ ಮೀರಿ ಕಾರಿಗೆ ಕೊಡಬಾರದು. ಕಾರು ಎಂಟು ತಿಂಗಳಿಗೆ ಬಂತು. ಇನ್ಶೂರೆನ್ಸು, ಹೆಸರು ಬದಲಾವಣೆ ಸೇರಿ ಎರಡು. ಈ ವಯಸ್ಸಿನವರಿಗೆ ಇನ್ಶೂರೆನ್ಸ್ ಯಾಕೆ ಅಷ್ಟು ದುಬಾರಿ ಅಂತ ನನಗೆ ಅರ್ಥವಾಗುತ್ತದೆ, ಆದರೂ ಹೊಟ್ಟೆ ಉರಿಯುತ್ತದೆ. ಉಳಿದ ಎಂಟು ತಿಂಗಳ ದುಡ್ಡು ರಿಪೇರಿಗೆ. ಗೆಳೆಯರಲ್ಲಿ ಇಬ್ಬರು ಇಂಥದೇ ಕಾರು ಕೊಂಡು ಕೈ ಸುಟ್ಟುಕೊಂಡಿದ್ದರು. ಇಬ್ಬರೂ ಇದ್ದಬದ್ದದ್ದನ್ನೆಲ್ಲ ಸುರಿದು ಕಡಿಮೆ ಓಡಿದ, ಮಿರಮಿರ ಮಿಂಚುವ ಗಾಡಿ ಹುಡುಕಿದವರು. ಮೊದಲ ಬಿಲ್ ಬಂದ ದಿನ ಅವರ ಜೇಬು ಖಾಲಿ.

ನಾನು ಹುಡುಕಿದ್ದು ಇದಕ್ಕೆ ತದ್ವಿರುದ್ಧ. ಹೆಚ್ಚು ಓಡಿರಲಿ, ನೋಡಲು ಕೊಳಕಿರಲಿ, ಬಿಲ್ಲುಗಳ ಕಡತ ಮಾತ್ರ ದಪ್ಪಗಿರಲಿ. ನಾಲ್ಕು ಕಾರು ನೋಡಿದೆ. ಒಂದರ ಮೀಟರಿನಲ್ಲಿ 1,10,000 ಇತ್ತು, ಓಡೋಮೀಟರಿನ ಪಕ್ಕ ಒಂದು ಸಣ್ಣ ಚುಕ್ಕಿಯೂ ಉರಿಯುತ್ತಿತ್ತು. ಇ39ರಲ್ಲಿ ಓಡಿದ ಲೆಕ್ಕ ಮೀಟರಿನಲ್ಲಿ ಮಾತ್ರವಲ್ಲ, ದೀಪಗಳ ಮಾಡ್ಯೂಲಿನಲ್ಲೂ ಇರುತ್ತದೆ. ಎರಡೂ ತಾಳೆಯಾಗದಿದ್ದರೆ ಆ ಚುಕ್ಕಿ ಬರುತ್ತದೆ. ಮೀಟರನ್ನೇ ಪ್ರಾಮಾಣಿಕವಾಗಿ ಬದಲಿಸಿದ್ದರೂ ಬರಬಹುದು, ನಿಜ. ಆದರೆ ಮಾರುವವ "ಅದೇನೂ ಇಲ್ಲ, ದೂಳು" ಅಂದ. ದೂಳು ಉರಿಯುವುದಿಲ್ಲ, ವಾಪಸ್ ಬಂದೆ.

ನಾಲ್ಕನೆಯದು ಇದು. ಚಾಲಕನ ಸೀಟಿನ ಅಂಚು ಹರಿದಿತ್ತು. ಮೀಟರಿನ ಪರದೆಯಲ್ಲಿ ಅರ್ಧ ಅಕ್ಷರ ಕಾಣುತ್ತಿರಲಿಲ್ಲ. ಹಿಂದಿನ ಎಡಗಿಟಕಿಯ ಗಾಜು ಬಾಗಿಲೊಳಗೆ ಬಿದ್ದು, ಸಂದಿಗೆ ಟೇಪ್ ಅಂಟಿಸಿದ್ದರು. ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ಗಡಗಡ. ಆದರೆ ಕಡತ ನನ್ನ ಹೆಬ್ಬೆರಳಿನಷ್ಟು ದಪ್ಪ, ಎಂಜಿನ್ ಆಯಿಲ್ ಒಮ್ಮೆಯೂ ತಪ್ಪಿರಲಿಲ್ಲ. ಫೋನಿನಲ್ಲೇ ಹೇಳಿದ್ದೆ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಸ್ಟಾರ್ಟ್ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟೆ. ಮೆಲ್ಲಗೆ ಒಳಗೆಳೆದುಕೊಂಡಿತು, ಅಷ್ಟೇ. ಎಂಜಿನ್ನೊಳಗಿನ ಆವಿಯನ್ನು ಹೊರಗೆಳೆಯುವ ಬ್ರೀದರ್ ವಾಲ್ವ್ ಹರಿದಿದ್ದರೆ ಹಾಳೆಯನ್ನೇ ನುಂಗುವ ಹಾಗೆ ಸೆಳೆಯುತ್ತಿತ್ತು. ಮಾರುವವರು ನನ್ನನ್ನು ಹುಚ್ಚನಂತೆ ನೋಡಿದರು. ಆಮೇಲೆ ಬೆಲೆಯನ್ನು ಕಾಲುಭಾಗ ಇಳಿಸಿಕೊಂಡರು. ಅದಕ್ಕೆ ನಾನು ಆಡಿದ ಮಾತು ಯಾವುದೆಂದು ಹೇಳುವುದಿಲ್ಲ, ಮುಂದಿನ ಕಾರಿಗೂ ಬೇಕಾಗುತ್ತದೆ.

ಮನೆಗೆ ತಂದಾಗ ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದು, ಟೇಪ್ ಅಂಟಿಸಿದ ಕಿಟಕಿಯ ಹತ್ತಿರ ನಿಂತು, ಏನೂ ಹೇಳದೆ ಒಳಗೆ ಹೋದರು.

ಮೊದಲ ತಿಂಗಳು ಓಡಿಸಲೇ ಇಲ್ಲ. ಕೂಲಿಂಗ್ ಕೆಲಸ ಮುಗಿಯುವ ತನಕ ಓಡಿಸಬಾರದು ಅಂತ ನಿರ್ಧರಿಸಿದ್ದೆ. ವಾಟರ್ ಪಂಪ್, ಥರ್ಮೋಸ್ಟಾಟ್, ರೇಡಿಯೇಟರ್, ಹೋಸುಗಳು, ಬೆಲ್ಟು, ಬೆಲ್ಟಿನ ಟೆನ್ಷನರ್, ಎಲ್ಲ ಹೊಸತು. ಸಾಮಾನಿಗೇ ಎರಡು ತಿಂಗಳ ಸಂಬಳ, ಕೂಲಿ ನನ್ನದೇ. ಈ ಕೆಲಸದಲ್ಲಿ ಸತಾಯಿಸುವುದು ರೇಡಿಯೇಟರ್ ಫ್ಯಾನನ್ನು ಹಿಡಿದಿರುವ ಫ್ಯಾನ್ ಕ್ಲಚ್ಚಿನ 32 ಮಿಲಿಮೀಟರ್ ನಟ್ಟು. ಅದರದು ಉಲ್ಟಾ ಥ್ರೆಡ್, ಮಾಮೂಲಿ ನಟ್ಟಿಗೆ ವಿರುದ್ಧ ದಿಕ್ಕಿಗೆ ತಿರುಗಿಸಿ ಬಿಚ್ಚಬೇಕು. ಪುಲ್ಲಿ ಹಿಡಿಯುವ ಟೂಲ್ ಇಲ್ಲದೆ ಒಂದೇ ಏಟಿಗೆ ಬಿಡಿಸುವ ಉಪಾಯ ನನಗೆ ಸಿಕ್ಕಿದೆ, ಅದನ್ನೂ ಇಲ್ಲಿ ಬರೆಯುವುದಿಲ್ಲ. ಕೈ ತಪ್ಪಿದರೆ ಹೊಸ ರೇಡಿಯೇಟರಿಗೇ ತೂತು, ಆಮೇಲೆ ನನ್ನನ್ನು ಬೈಯುತ್ತೀರಿ.

ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ತುಂಬಿ ಒಳಗಿನ ಗಾಳಿ ತೆಗೆಯುವಾಗ ಮೊದಲ ಸಲ ಎಡವಿದೆ. ಹತ್ತು ಲೀಟರಿನಷ್ಟು ಹೋಗಬೇಕಾದ ಜಾಗಕ್ಕೆ ಏಳೇ ಲೀಟರ್ ಹೋಯಿತು, ಸಾಕೆಂದು ಮುಚ್ಚಿದೆ. ಎಂಜಿನ್ ಕಾದರೂ ಹೀಟರಿನಿಂದ ತಣ್ಣನೆ ಗಾಳಿ. ಎರಡನೇ ಸಲ ಮುಂದಿನ ಗಾಲಿಗಳನ್ನು ಎತ್ತರಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಹಾಕಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಸಣ್ಣಗಿಟ್ಟು, ಗುಳ್ಳೆ ನಿಲ್ಲುವ ತನಕ ಮೆಲ್ಲಗೆ ಸುರಿದೆ. ಮುಕ್ಕಾಲು ಗಂಟೆ ಹಿಡಿಯಿತು. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಪ್ಲಾಸ್ಟಿಕ್ಕಿನದು, ಬೆರಳ ಬಲ ಸಾಕು.

ಇನ್ನು ಆ ಟೋ ಕಥೆ. ಎಲ್ಲ ಬದಲಿಸಿದವನು ಬಿಸಿಗೆ ಹಿಗ್ಗುವ ಕೂಲಂಟಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕ್ ಒಂದನ್ನು ಹಳೆಯದೇ ಇಟ್ಟೆ. ನೋಡಲು ಗಟ್ಟಿಯಾಗಿತ್ತು, ಕಾಲು ತಿಂಗಳ ಸಂಬಳ ಉಳಿಯಿತು ಅಂತ ಬೀಗಿದೆ. ಹದಿನೈದು ವರ್ಷ ಕಾದು ತಣಿದ ಪ್ಲಾಸ್ಟಿಕ್, ಎಷ್ಟು ದಿನ ಬಾಳೀತು? ಉಳಿದದ್ದೆಲ್ಲ ಬಿಗಿಯಾದ ಮೇಲೆ ಒತ್ತಡ ಬಡವನ ಮೇಲೇ ಬೀಳುತ್ತದೆ. ಓಡಿಸಲು ಶುರುಮಾಡಿದ ಮೂರನೇ ವಾರ, ಸಾಲುಗಟ್ಟಿ ನಿಂತ ವಾಹನಗಳ ನಡುವೆ ಟ್ಯಾಂಕಿನ ಹೊಲಿಗೆ ಬಿಟ್ಟಿತು. ನನ್ನ ಕಣ್ಣು ಉಷ್ಣತೆಯ ಮುಳ್ಳಿನ ಮೇಲೇ ಇತ್ತು, ಮುಳ್ಳು ನಟ್ಟನಡುವೆ ಇತ್ತು. ಸಿಹಿಸಿಹಿ ವಾಸನೆ ಬಂದರೂ ಮುಳ್ಳು ಅಲ್ಲೇ. ಬಾನೆಟ್ ಅಂಚಿನಿಂದ ಬಿಳಿ ಆವಿ ಏಳುವ ಹೊತ್ತಿಗೆ ಮುಳ್ಳು ಒಮ್ಮೆಲೇ ಕೆಂಪಿಗೆ ಹಾರಿತು. ತಕ್ಷಣ ಎಂಜಿನ್ ನಿಲ್ಲಿಸಿದೆ. ಎಂಜಿನ್ನಿನ ಸಿಲಿಂಡರ್ ಹೆಡ್ ಬಿಸಿಗೆ ಬಾಗಲಿಲ್ಲ, ಅದು ನನ್ನ ಅದೃಷ್ಟ. ಟೋ ಮತ್ತು ಮತ್ತೊಂದು ಸುತ್ತಿನ ಕೂಲಂಟ್ ಸೇರಿ ಹೊಸ ಟ್ಯಾಂಕಿನ ಬೆಲೆಯ ಎರಡರಷ್ಟು ಹೋಯಿತು.

ಆ ಮುಳ್ಳು ಸುಳ್ಳುಗಾರ ಅಂತ ಆಮೇಲೆ ತಿಳಿದದ್ದು. 75 ಡಿಗ್ರಿ ಆಸುಪಾಸಿನಿಂದ ಸುಮಾರು 115ರ ತನಕ ಅದು ಅಲುಗಾಡದೆ ನಡುವೆಯೇ ನಿಲ್ಲುವಂತೆ ಮಾಡಿದ್ದಾರೆ, ಓಡಿಸುವವರು ಸುಮ್ಮನೆ ಗಾಬರಿಯಾಗದಿರಲಿ ಅಂತ. ಹೊಸ ಕಾರಿಗೆ ಸರಿ. ಎರಡೂಮುಕ್ಕಾಲು ಲಕ್ಷ ಓಡಿದ್ದಕ್ಕೆ ಗಾಬರಿ ಬೇಕು. ನಿಜವಾದ ಅಂಕಿ ಮೀಟರಿನ ಗುಪ್ತ ಮೆನುವಿನಲ್ಲಿದೆ. ಟ್ರಿಪ್ ಬಟನ್ ಒತ್ತಿ ಹಿಡಿದು ಕೀ ತಿರುಗಿಸಿ, ಚಾಸಿ ನಂಬರಿನ ಕೊನೆಯ ಐದು ಅಂಕಿಗಳ ಮೊತ್ತದಿಂದ ಬೀಗ ತೆಗೆದರೆ ಏಳನೇ ಟೆಸ್ಟಿನಲ್ಲಿ ಕೂಲಂಟಿನ ಡಿಗ್ರಿ ಕಾಣುತ್ತದೆ. ಆದರೆ ಅದನ್ನು ತೋರಿಸಬೇಕಾದ ಪರದೆಯೇ ನನ್ನ ಕಾರಿನಲ್ಲಿ ಅರ್ಧ ಸತ್ತಿತ್ತು!

ಹೀಗಾಗಿ ಚಂದಕ್ಕೆಂದು ಕೊನೆಗೆ ಇಟ್ಟುಕೊಂಡಿದ್ದ ಕೆಲಸ ಮೊದಲಾಯಿತು. ಮೀಟರ್ ಬಿಚ್ಚಿ, ಪರದೆಯ ರಿಬ್ಬನ್ ಕೇಬಲ್ ಬೋರ್ಡಿಗೆ ಅಂಟಿದ ಜಾಗವನ್ನು ಸಾಲ್ಡರಿಂಗ್ ಐರನ್ನಿನಿಂದ ಮತ್ತೆ ಕಾಯಿಸಿ ಒತ್ತಿದೆ. ಎರಡು ವಾರ ಚೆನ್ನಾಗಿತ್ತು, ಮತ್ತೆ ಹೋಯಿತು. ಎರಡನೇ ಸಲ ಹೊಸ ರಿಬ್ಬನ್ನೇ ತಂದು ಕೂರಿಸಿದೆ. ಗುಜರಿಯಿಂದ ತಂದ ಒಂದು ಸತ್ತ ಮೀಟರಿನ ಮೇಲೆ ಮೊದಲು ಕೈ ಪಳಗಿಸಿಕೊಂಡೆ, ಐರನ್ನಿನ ಮೊನೆಗೆ ಟಿ ಆಕಾರದ ಹಿತ್ತಾಳೆ ತುಂಡು ಸಿಕ್ಕಿಸಿ. ಅಲ್ಲಿಂದ ಇಲ್ಲಿಯವರೆಗೆ ಒಂದು ಗೆರೆಯೂ ಅಳಿಸಿಲ್ಲ. ಈಗ ಪರದೆಯಲ್ಲಿ 96, 97 ಓಡಾಡುತ್ತಿರುತ್ತದೆ. 105 ಕಂಡರೆ ನಿಲ್ಲಿಸುತ್ತೇನೆ. ಎರಡು ಸಲ ಹಾಗೆ ನಿಲ್ಲಿಸಿದ್ದೇನೆ, ಎರಡು ಸಲವೂ ಮುಳ್ಳು ನಡುವೆಯೇ ಇತ್ತು.

ಸ್ಟಿಯರಿಂಗ್ ಗಡಗಡಕ್ಕೆ ಎರಡು ಸಲ ವೀಲ್ ಬ್ಯಾಲೆನ್ಸ್ ಮಾಡಿಸಿದೆ, ಡಿಸ್ಕ್ ಬದಲಿಸಿದೆ, ದಂಡ. ತೊಂದರೆ ಇದ್ದದ್ದು ಮುಂದಿನ ಗಾಲಿಗಳನ್ನು ಹಿಡಿದಿರುವ ಥ್ರಸ್ಟ್ ಆರ್ಮಿನ ರಬ್ಬರ್ ಬುಷ್‌ಗಳಲ್ಲಿ. ಹೊಸ ಬುಷ್ ಹಾಕಿದ ದಿನ ಕಾರು ಬೆಣ್ಣೆಯಂತೆ ಓಡಿತು. ನಾಲ್ಕು ತಿಂಗಳಿಗೆ ಮತ್ತೆ ಗಡಗಡ. ಸಾಮಾನು ಕಳಪೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೊರಟವನು ನಾನು. ಬಿಚ್ಚಿ ನೋಡಿದರೆ ರಬ್ಬರ್ ತಿರುಚಿ ಹರಿದಿತ್ತು. ಕಾರು ಜಾಕ್ ಮೇಲಿದ್ದು ಗಾಲಿ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದಿದ್ದೆ. ಕೆಳಗಿಳಿಸಿದ ಕ್ಷಣದಿಂದಲೇ ಆ ರಬ್ಬರ್ ತಿರುಚಿಕೊಂಡೇ ಬದುಕುತ್ತಿತ್ತು. ಕೊನೆಯ ಬಿಗಿತ ಗಾಲಿಯ ಮೇಲೆ ಕಾರಿನ ಭಾರ ಬಿದ್ದ ಮೇಲೇ ಕೊಡಬೇಕು. ಈ ಪಾಠಕ್ಕೆ ಎರಡು ಸಲದ ಬುಷ್, ಬೇಡದ ಡಿಸ್ಕ್, ಅಲೈನ್‌ಮೆಂಟ್ ಸೇರಿ ಒಂದೂವರೆ ತಿಂಗಳ ಸಂಬಳ.

ಬ್ಯಾಟರಿಯದೂ ಹೀಗೇ. ಮೂರು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಹೊಸ ಬ್ಯಾಟರಿ ತಂದೆ, ಅದನ್ನೂ ನಾಲ್ಕು ದಿನದಲ್ಲಿ ಕುಡಿದು ಹಾಕಿತು. ಆಮೇಲೆ ಬುದ್ಧಿ ಬಂದು ಮಲ್ಟಿಮೀಟರ್ ಸೇರಿಸಿ ಕೂತೆ. ಈ ಕಾರು ಬೀಗ ಹಾಕಿ ಹದಿನಾರು ನಿಮಿಷ ಕಾದರೆ ನಿದ್ದೆಗೆ ಹೋಗಬೇಕು, ಆಗ 50 ಮಿಲಿಆಂಪಿಯರಿಗಿಂತ ಕಡಿಮೆ ಎಳೆಯಬೇಕು. ನನ್ನದು ಅರ್ಧ ಆಂಪಿಯರ್ ಎಳೆಯುತ್ತಿತ್ತು. ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಹೋದಾಗ ಬ್ಲೋವರಿನ ಫ್ಯೂಸಿಗೆ ಬಂದು ಅಂಕಿ ಕುಸಿಯಿತು. ಕಳ್ಳ ಅದರ ಫೈನಲ್ ಸ್ಟೇಜ್ ರೆಸಿಸ್ಟರ್, ಬ್ಲೋವರಿನ ವೇಗ ಹಿಡಿತದಲ್ಲಿಡುವ, ಮುಳ್ಳುಹಂದಿಯಂತೆ ಕಾಣುವ ಬಿಡಿಭಾಗ. ಬದಲಿಸಲು ಇಪ್ಪತ್ತು ನಿಮಿಷ.

ನಾಚಿಕೆಯ ಖರ್ಚು ಒಂದನ್ನು ಮುಚ್ಚಿಡಬೇಕೆಂದಿದ್ದೆ. ಎಂಟನೇ ತಿಂಗಳಲ್ಲಿ ಬೇರೊಂದು ಬಿಎಂಡಬ್ಲ್ಯು ಸೀರೀಸಿನ ಹದಿನೇಳು ಇಂಚಿನ ಅಲಾಯ್ ಚಕ್ರಗಳು ಅಗ್ಗಕ್ಕೆ ಸಿಕ್ಕವು. ಅಮ್ಮ ನೋಡಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂದರು. ಬೋಲ್ಟುಗಳು ಐದು, 120 ಮಿಲಿಮೀಟರ್ ವೃತ್ತ, ತಾಳೆಯಾಯಿತು ಅಂತ ಕೊಂಡೆ. ಎತ್ತಿ ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುಗುಂಭಕ್ಕೆ, ಇಟ್ಟರೆ ಕೂರುವುದಿಲ್ಲ. ಇ39ರ ಹಬ್ಬು 74.1 ಮಿಲಿಮೀಟರ್, ಆ ಚಕ್ರಗಳ ನಡುತೂತು 72.6. ಒಂದೂವರೆ ಮಿಲಿಮೀಟರಿಗೆ ಒಂದು ತಿಂಗಳ ಸಂಬಳ ಗ್ಯಾರೇಜಿನ ಗೋಡೆಗೆ ಒರಗಿ ಕೂತಿತು. ಲೇತಿಗೆ ಕೊಟ್ಟು ಕೊರೆಸೋಣ ಅಂತ ಯೋಚಿಸಿ, ಚಕ್ರದ ವಿಷಯದಲ್ಲಿ ಧೈರ್ಯ ಬರದೆ ಅರ್ಧ ಬೆಲೆಗೆ ಮಾರಿದೆ. ಈಗಲೂ ಮೂಲ ಹದಿನಾರು ಇಂಚು, 225/55 ಟೈರು. ಗುಂಡಿಯಲ್ಲಿ ಹಾಯಾಗಿದೆ.

ಮೊದಲ ವರ್ಷದ ರಿಪೇರಿ, ಟೈರು ಸೇರಿ, ಏಳು ತಿಂಗಳ ಸಂಬಳದ ಆಸುಪಾಸು. ಚೀಟಿ ಬರೆದಿಟ್ಟಿದ್ದೆ, ಅದೂ ಎಲ್ಲೋ ಹೋಯಿತು. ಎರಡನೇ ವರ್ಷ ಎರಡು ತಿಂಗಳಷ್ಟು, ವಾಲ್ವ್ ಕವರ್ ಮತ್ತು ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್ಟುಗಳಿಗೇ ಹೆಚ್ಚು. ಮೂರನೇ ವರ್ಷ ಆಯಿಲು, ಪ್ಯಾಡು ಬಿಟ್ಟರೆ ಹೇಳುವಂಥದ್ದಿಲ್ಲ. ಪೆಟ್ರೋಲ್ ಮಾತ್ರ ಕುಡಿಯುತ್ತದೆ. ಊರೊಳಗೆ ಲೀಟರಿಗೆ ಏಳೂವರೆ, ಹೆದ್ದಾರಿಯಲ್ಲಿ ಹನ್ನೆರಡು. ಟೈರಿನ ಗಾಳಿ ಏರಿಸಿ ಇಳಿಸಿ ಒಂದು ತಿಂಗಳು ಲೆಕ್ಕ ಹಾಕಿದೆ, ಹೇಳಿಕೊಳ್ಳುವಷ್ಟು ವ್ಯತ್ಯಾಸ ಬರಲಿಲ್ಲ. ನನ್ನ ಬಲಗಾಲೇ ಅಸಲಿ ಕಾರಣ ಅಂತ ಗೆಳೆಯರು ಹೇಳುತ್ತಾರೆ, ಇರಬಹುದು. ಹರಿದ ಸೀಟು ಹಾಗೇ ಇದೆ.

ಹೋದ ತಿಂಗಳು ಮಾವ ಕಾರು ತೆಗೆದುಕೊಂಡು ಹೋಗಿದ್ದರು. ದಾರಿಯಿಂದ ಫೋನು.

"ಲೋ, ಪರದೆ ಮೇಲೆ ತೊಂಬತ್ತೆಂಟು ಅಂತ ಬರ್ತಿದೆ. ಮುಳ್ಳೇನೋ ನಡುವೆ ಇದೆ. ನಿಲ್ಲಿಸ್ಲಾ?"

"ಬೇಡ ಮಾವ, ನೂರೈದಾದ್ರೆ ಹೇಳಿ."

"ಮತ್ತೆ ಹಿಂದಿನ ಬಲಗಿಟಕಿ ಏನೋ ಕಟಕಟ ಅಂತಿದೆ."

ಅದು ಗಾಜು ಏರಿಸಿ ಇಳಿಸುವ ರೆಗ್ಯುಲೇಟರಿನ ಪ್ಲಾಸ್ಟಿಕ್ ಕ್ಲಿಪ್ಪು. ಎಡಗಡೆಯದೂ ಬೀಳುವ ಮೊದಲು ಹಾಗೇ ಕಟಕಟ ಅಂದಿರಬೇಕು. ಗಾಜನ್ನು ಇಳಿಸಬೇಡಿ ಅಂತ ಹೇಳಿ, ಕ್ಲಿಪ್ಪಿಗೆ ಆರ್ಡರ್ ಹಾಕಿದೆ.