ಬ್ಯಾಂಡ್ ಸಾ ಬ್ಲೇಡಿನ ಆಯಸ್ಸು ಫೀಡಿನ ಕೈಯಲ್ಲಿ

ಪೀಣ್ಯ ಕೈಗಾರಿಕಾ ಪ್ರದೇಶದ ನಮ್ಮ ಶೆಡ್ಡಿನಲ್ಲಿರುವುದು ಎರಡು ಕಂಬಗಳ ಹೈಡ್ರಾಲಿಕ್ ಬ್ಯಾಂಡ್ ಸಾ, ಅಂದರೆ ಎರಡು ಚಕ್ರಗಳ ಮೇಲೆ ಸುತ್ತುವ ಹಲ್ಲಿನ ಪಟ್ಟಿಯಿಂದ ಲೋಹ ಕತ್ತರಿಸುವ ಗರಗಸ ಯಂತ್ರ. ಸುತ್ತಲಿನ ಲೇತ್ ಮತ್ತು ಸಿಎನ್‌ಸಿ ಶಾಪುಗಳವರು ತರುವ ಎಂಎಸ್ (ಮೃದು ಉಕ್ಕು), ಅದಕ್ಕಿಂತ ಗಟ್ಟಿಯಾದ ಇಎನ್8, ಇಎನ್24, ಇಎನ್31 ಹಾಗೂ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ರಾಡುಗಳನ್ನು ಅಳತೆಗೆ ಕತ್ತರಿಸಿ ಕೊಡುವುದು ನಮ್ಮ ಕೆಲಸ. ಈ ಕೆಲಸದಲ್ಲಿ ಲಾಭ ಉಳಿಯುವುದೂ ಹೋಗುವುದೂ ಬ್ಲೇಡಿನ ಬಾಳಿಕೆಯಿಂದಲೇ. ಬ್ಲೇಡನ್ನು ಲೋಹದೊಳಕ್ಕೆ ಇಳಿಸುವ ವೇಗಕ್ಕೆ ಫೀಡು ಎನ್ನುತ್ತೇವೆ. ಬ್ಲೇಡನ್ನು ಒತ್ತಿ ಓಡಿಸಿದರೆ ಹಾಳಾಗುತ್ತದೆಂದು ಎಲ್ಲರೂ ಒಪ್ಪುತ್ತಾರೆ. ತೀರಾ ಮೆಲ್ಲಗೆ ಇಳಿಸಿದರೂ ಹಾಳಾಗುತ್ತದೆಂದು ಹೊಸ ಆಪರೇಟರನ್ನು ಒಪ್ಪಿಸುವುದು ಮಾತ್ರ ಸುಲಭವಲ್ಲ.

ಮೊದಲು ಹಲ್ಲಿನ ಆಯ್ಕೆ. ನಾವು ಬಳಸುವುದು ಬೈಮೆಟಲ್ ಬ್ಲೇಡು: ಬೆನ್ನು ಸ್ಪ್ರಿಂಗಿನಂತೆ ಬಾಗುವ ಉಕ್ಕು, ಹಲ್ಲಿನ ತುದಿ ಕೋಬಾಲ್ಟ್ ಬೆರೆತ ಎಂ42 ಹೈಸ್ಪೀಡ್ ಸ್ಟೀಲು. 100 ಮಿ.ಮೀ. ರೌಂಡಿಗೆ (ದುಂಡು ರಾಡಿಗೆ) 3/4 ಟಿಪಿಐ, ಅಂದರೆ ಇಂಚಿಗೆ 3ರಿಂದ 4 ಹಲ್ಲುಗಳಿರುವ ಬ್ಲೇಡು ಹಾಕಿದರೆ, ಕಟ್ ನಡುಭಾಗಕ್ಕೆ ಬಂದಾಗ 12ರಿಂದ 16 ಹಲ್ಲುಗಳು ಲೋಹದೊಳಗಿರುತ್ತವೆ, ಅದು ಸರಿಯಾದ ಲೆಕ್ಕ. ಅದೇ ಬ್ಲೇಡಿನಲ್ಲಿ 3 ಮಿ.ಮೀ. ದಪ್ಪದ ಪೈಪನ್ನು ಕತ್ತರಿಸಲು ಹೊರಟರೆ ಪೈಪಿನ ಗೋಡೆ ಎರಡು ಹಲ್ಲುಗಳ ನಡುವಿನ ಸಂದಿಯೊಳಗೆ ಬಿದ್ದು, ಹಲ್ಲುಗಳು ಒಂದರ ಹಿಂದೊಂದು ಮುರಿಯುತ್ತವೆ. ಪೈಪಿಗೆ ನಾವು 10/14 ಬ್ಲೇಡನ್ನು ಬೇರೆಯೇ ಇಟ್ಟಿದ್ದೇವೆ.

ಹೊಸ ಬ್ಲೇಡಿನ ಹಲ್ಲಿನ ಅಂಚು ಎಷ್ಟು ತೆಳುವಾಗಿರುತ್ತದೆಂದರೆ, ಮೊದಲ ಕಟ್ಟಿನಲ್ಲೇ ಪೂರ್ಣ ಫೀಡು ಕೊಟ್ಟರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಅದು ಉದುರುತ್ತದೆ. ಆದ್ದರಿಂದ ಬ್ಲೇಡಿನ ವೇಗವನ್ನು ಎಂದಿನಂತೆಯೇ ಇಟ್ಟು, ಫೀಡನ್ನು ಮಾತ್ರ ಅರ್ಧಕ್ಕಿಳಿಸಿ, ಸುಮಾರು 400 ಚದರ ಸೆಂ.ಮೀ. ಕತ್ತರಿಸುವವರೆಗೆ ಹಾಗೆಯೇ ನಡೆಸುತ್ತೇವೆ. 100 ಮಿ.ಮೀ. ರೌಂಡಿನ ಒಂದು ಕಟ್ ಸುಮಾರು 78 ಚದರ ಸೆಂ.ಮೀ. ಆಗುವುದರಿಂದ, ಐದಾರು ತುಂಡುಗಳಲ್ಲಿ ಈ ಕೆಲಸ ಮುಗಿಯುತ್ತದೆ. ಗಿರಾಕಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರೂ ಇದನ್ನು ನಾನು ಬಿಡುವುದಿಲ್ಲ.

ಫೀಡು ಸರಿಯಿದೆಯೇ ಎಂಬುದನ್ನು ಮೀಟರಿಗಿಂತ ಚಿಪ್ಸೇ (ಹಲ್ಲು ಕೆತ್ತಿ ತೆಗೆದ ಲೋಹದ ಸಿಬಿರು) ಚೆನ್ನಾಗಿ ಹೇಳುತ್ತದೆ. ಟ್ರೇಯಿಂದ ಬ್ರಷ್ಷಿನಲ್ಲಿ ಒಂದಿಷ್ಟು ಎಳೆದು ನೋಡಿದಾಗ, ಅದು ಬೆಳ್ಳಗೆ, ಸಡಿಲವಾಗಿ ಸುರುಳಿ ಸುತ್ತಿಕೊಂಡಿದ್ದರೆ ಎಲ್ಲವೂ ಸರಿಯಿದೆಯೆಂದು ಅರ್ಥ. ದಪ್ಪಗಿದ್ದು ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಒತ್ತಡವೋ ವೇಗವೋ ಹೆಚ್ಚಾಗಿದೆ. ಪುಡಿಯಂತೆ ಉದುರುತ್ತಿದ್ದರೆ ಹಲ್ಲು ಕತ್ತರಿಸುತ್ತಿಲ್ಲ, ಬರೀ ಉಜ್ಜುತ್ತಿದೆ. ಎಸ್‌ಎಸ್ 304ರಲ್ಲಿ ಈ ಉಜ್ಜುವಿಕೆ ಬಹಳ ಕೆಟ್ಟದ್ದು, ಏಕೆಂದರೆ ಉಜ್ಜಿದ ಮೇಲ್ಮೈ ಅಲ್ಲೇ ಗಟ್ಟಿಯಾಗಿ, ಮುಂದಿನ ಹಲ್ಲು ಆ ಗಟ್ಟಿ ಪದರವನ್ನೇ ಎದುರಿಸಬೇಕಾಗುತ್ತದೆ. ಎಂಎಸ್‌ಗೆ ನಿಮಿಷಕ್ಕೆ 70 ಮೀಟರ್ ಆಸುಪಾಸಿನಲ್ಲಿ ಓಡಿಸುವ ಬ್ಲೇಡನ್ನು ಎಸ್‌ಎಸ್‌ಗೆ 35ರ ಹತ್ತಿರ ತರುತ್ತೇವೆ. ಆದರೆ ವೇಗ ಇಳಿಸಿದೆವೆಂದು ಫೀಡಿನಲ್ಲಿ ಹಿಂಜರಿಯದೆ, ಪ್ರತಿ ಹಲ್ಲೂ ಗಟ್ಟಿ ಪದರದ ಕೆಳಗೆ ಹೊಕ್ಕು ಚಿಪ್ಸನ್ನು ಎಬ್ಬಿಸುವಷ್ಟು ಒತ್ತಡವನ್ನು ಕೊಟ್ಟೇ ಕೊಡುತ್ತೇವೆ.

ಇನ್ನು, ಯಾರೂ ಗಮನಿಸದ ಭಾಗವೆಂದರೆ ಚಿಪ್ಸ್ ತೆಗೆಯುವ ವೈರ್ ಬ್ರಷ್. ಅಗ್ಗದ ಸಾಮಾನಾದ್ದರಿಂದಲೋ ಏನೋ, ಅದು ಬೋಳಾಗಿ ತಿರುಗುತ್ತಿರುವುದನ್ನು ಎಷ್ಟೋ ಶಾಪುಗಳಲ್ಲಿ ಕಂಡಿದ್ದೇನೆ. ಬ್ರಷ್ಷಿನ ತಂತಿ ಹಲ್ಲಿನ ಬುಡದವರೆಗೆ ಮುಟ್ಟಬೇಕು, ಅದಕ್ಕಿಂತ ಆಳಕ್ಕೆ ಹೋಗಬಾರದು. ಮುಟ್ಟದಿದ್ದರೆ ಚಿಪ್ಸು ಹಲ್ಲಿನ ಸಂದಿಯಲ್ಲೇ ಕುಳಿತು ಮತ್ತೆ ಕಟ್ಟಿನೊಳಕ್ಕೆ ಹೋಗಿ, ಬಿಸಿಗೆ ಅಲ್ಲೇ ಅಂಟಿಕೊಂಡು, ಕೊನೆಗೆ ಹಲ್ಲನ್ನೇ ಕಿತ್ತುಕೊಂಡು ಹೋಗುತ್ತದೆ. ಪ್ರತಿದಿನ ಬೆಳಿಗ್ಗೆ ಯಂತ್ರ ಚಾಲೂ ಮಾಡುವ ಮೊದಲು ಮೇನ್ ಸ್ವಿಚ್ ಆಫ್ ಇರುವಾಗಲೇ ಬ್ರಷ್ಷನ್ನು ನೋಡಿ, ಅಗತ್ಯವಿದ್ದರೆ ಮುಂದಕ್ಕೆ ಸರಿಸಿ ಬಿಗಿಮಾಡುತ್ತೇವೆ.

ಕೂಲೆಂಟನ್ನು, ಅಂದರೆ ಬ್ಲೇಡನ್ನು ತಂಪಾಗಿಡುವ ನೀರು-ಎಣ್ಣೆಯ ಮಿಶ್ರಣವನ್ನು, ಶೇ. 8ರಿಂದ 10ರ ಎಣ್ಣೆಯ ಪ್ರಮಾಣದಲ್ಲಿಡುತ್ತೇವೆ. ಬೆರೆಸುವಾಗ ನೀರಿಗೆ ಎಣ್ಣೆ ಹಾಕಬೇಕೇ ಹೊರತು ಎಣ್ಣೆಗೆ ನೀರನ್ನಲ್ಲ. ಬೇಸಿಗೆಯಲ್ಲಿ ನೀರು ಆವಿಯಾಗಿ ದ್ರಾವಣ ಗಟ್ಟಿಯಾಗುತ್ತದೆ, ಹುಡುಗರು ಬರೀ ನೀರು ಸುರಿದು ಮತ್ತೆ ತೆಳುವಾಗಿಸುತ್ತಾರೆ. ಅಂದಾಜಿನ ಮೇಲೆ ನಡೆಸುವ ಬದಲು ಈ ಪ್ರಮಾಣವನ್ನು ಅಳೆಯುವ ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳುವುದು ಲೇಸು. ಸೋಮವಾರ ಬೆಳಿಗ್ಗೆ ಟ್ಯಾಂಕ್ ನಾರಿದರೆ, ಮೇಲೆ ತೇಲುವ ಹೈಡ್ರಾಲಿಕ್ ಎಣ್ಣೆಯ ಪದರದ ಕೆಳಗೆ ಬ್ಯಾಕ್ಟೀರಿಯಾ ಬೆಳೆದಿದೆಯೆಂದೇ ತಿಳಿಯಬೇಕು. ಆಗ ಎಣ್ಣೆ ತೆಗೆದು, ಟ್ಯಾಂಕನ್ನೇ ತೊಳೆಯಬೇಕು. ಔಷಧಿ ಹಾಕಿ ಮುಂದೂಡುವುದರಲ್ಲಿ ನನಗೆ ನಂಬಿಕೆಯಿಲ್ಲ.

ಕಟ್ ಓರೆಯಾದಾಗ ಎಲ್ಲರೂ ಮೊದಲು ಬ್ಲೇಡನ್ನೇ ದೂರುತ್ತಾರೆ. ತುಂಡಿಗೆ ಮೂಲೆಮಟ್ಟ ಹಿಡಿದು ಓರೆ ಎಷ್ಟೆಂದು ನೋಡಿದ ಮೇಲೆ ನಾನು ಪರೀಕ್ಷಿಸುವುದು ಬ್ಲೇಡನ್ನು ನೇರವಾಗಿ ಹಿಡಿದಿಡುವ ಗೈಡುಗಳನ್ನು. ಚಲಿಸುವ ಗೈಡ್ ತೋಳು ಜಾಬಿಗೆ (ಕತ್ತರಿಸುವ ರಾಡಿಗೆ) ಆದಷ್ಟು ಹತ್ತಿರವಿರಬೇಕು. ದೊಡ್ಡ ರೌಂಡ್ ಕತ್ತರಿಸಿದ ಮೇಲೆ ಚಿಕ್ಕದಕ್ಕೆ ಅದನ್ನು ಸರಿಸಲು ಮರೆಯುವುದೇ ಹೆಚ್ಚು. ನಂತರ ಗೈಡಿನ ಕಾರ್ಬೈಡ್ ಪ್ಯಾಡುಗಳ ಸವೆತ, ಬ್ಲೇಡಿನ ಟೆನ್ಷನ್. ಇವೆಲ್ಲ ಸರಿಯಿದ್ದರೆ ಮಾತ್ರ ಬ್ಲೇಡು ಮೊಂಡಾಗಿದೆಯೆಂದು ಒಪ್ಪುತ್ತೇನೆ. ಬ್ಲೇಡಿನ ಬೆನ್ನಿನ ಕಡೆಯಿಂದ ಬಿರುಕು ಬಂದಿದ್ದರೆ, ಅದು ಚಕ್ರದ ಅಂಚಿಗೆ ಉಜ್ಜುತ್ತಿದೆಯೇ, ಬೆನ್ನಿನ ಗೈಡ್ ಸವೆದಿದೆಯೇ ಎಂದು ನೋಡದೆ ಹೊಸತನ್ನು ಹಾಕಬಾರದು. ರಾತ್ರಿ ಮನೆಗೆ ಹೊರಡುವಾಗ ಟೆನ್ಷನ್ ಸಡಿಲಿಸುತ್ತೇವೆ.

ಕಟ್ಟಿನ ಮಧ್ಯದಲ್ಲಿ ಬ್ಲೇಡು ಬದಲಿಸಬೇಕಾಗಿ ಬಂದರೆ, ಹೊಸ ಬ್ಲೇಡನ್ನು ಹಳೆಯ ಕಟ್ಟಿನೊಳಗೆ ಇಳಿಸುವಂತಿಲ್ಲ. ಸವೆದ ಹಲ್ಲು ಕೊರೆದ ದಾರಿ ಹೊಸ ಹಲ್ಲಿನ ಅಗಲಕ್ಕೆ ಸಾಲದೆ, ಬ್ಲೇಡು ಅಲ್ಲಿ ಸಿಕ್ಕಿಕೊಂಡು ಕೂರುತ್ತದೆ. ರಾಡನ್ನು ಅರ್ಧ ಸುತ್ತು ತಿರುಗಿಸಿ, ವೈಸನ್ನು ಮತ್ತೆ ಬಿಗಿದು, ಎದುರು ಕಡೆಯಿಂದ ಅರ್ಧ ಫೀಡಿನಲ್ಲಿ ಇಳಿಸಿ, ಹಳೆಯ ಕಟ್ಟಿಗೆ ಸ್ವಲ್ಪ ಮೊದಲೇ ನಿಲ್ಲಿಸುತ್ತೇವೆ. ಉಳಿದ ತೆಳು ಭಾಗವನ್ನು ಕೈ ಗರಗಸದಲ್ಲಿ ಬಿಡಿಸಿಕೊಳ್ಳಬಹುದು. ಮಧ್ಯದ ಆ ಸಣ್ಣ ಮೆಟ್ಟಿಲು ಗಿರಾಕಿಯ ಲೇತಿನಲ್ಲಿ ಫೇಸಿಂಗ್ ಮಾಡುವಾಗ (ತುದಿಯನ್ನು ಸಮತಟ್ಟಾಗಿಸುವಾಗ) ಹೋಗುವಂತೆ ಉದ್ದದಲ್ಲಿ 3 ಮಿ.ಮೀ. ಹೆಚ್ಚಿಗೆ ಬಿಟ್ಟಿರುತ್ತೇವೆ.