ಅಂಚು ತಿರುಗಿಸಿ ನೋಡಿ, ಆಮೇಲೆ ಬೆಲೆ ಕೇಳಿ

ಮುಂಬೈಯ ನಮ್ಮ ಕನ್ನಡದವರ ಮನೆಯಲ್ಲಿ ಮದುವೆ ಗೊತ್ತಾಯಿತು ಅಂದರೆ ರೇಷ್ಮೆ ಸೀರೆಗಾಗಿ ಮೊದಲ ಓಡಾಟ ಮಾಟುಂಗಾಕ್ಕೆ, ಇಲ್ಲವೇ ದಾದರಿಗೆ. ಡೊಂಬಿವಲಿ, ಮೀರಾ ರೋಡು ಕಡೆಯಿಂದಲೂ ನಮ್ಮವರು ಲೋಕಲ್ ಹಿಡಿದು ಬರುತ್ತಾರೆ. ಸಾಸಿವೆ ಬಣ್ಣದ ಒಡಲಿಗೆ ಕುಂಕುಮ ಬಣ್ಣದ ಅಂಚು ಕಂಡರೆ ಮುಗಿಯಿತು, ಕಾಲು ಅಲ್ಲೇ ನಿಲ್ಲುತ್ತದೆ. ‘ತಾಈ, ಪ್ಯೂರ್ ಕಾಂಜೀವರಂ ಆಹೆ, ಹ್ಯಾಂಡ್‌ಲೂಮ್!’ ಅನ್ನುತ್ತಾನೆ ಅಂಗಡಿಯವನು. ಅನ್ನಲಿ ಬಿಡಿ. ಕೈಮಗ್ಗದ ಅಂಚೋ ಅಲ್ಲವೋ ಅನ್ನುವುದನ್ನು ಸೀರೆಯೇ ಹೇಳುತ್ತದೆ. ಕೇಳುವ ಕ್ರಮ ಗೊತ್ತಿರಬೇಕು ಅಷ್ಟೇ.

ಮೊದಲು ಬೆಳಕು. ಅಂಗಡಿಯ ಹಳದಿ ದೀಪದ ಕೆಳಗೆ ಎಲ್ಲ ರೇಷ್ಮೆಯೂ ಚೆಂದವೇ. ಸೀರೆಯನ್ನು ಬಾಗಿಲ ಹತ್ತಿರ, ಹಗಲು ಬೆಳಕಿಗೆ ತರಿಸಿ. ಅದಕ್ಕೇ ಸಂಜೆ ಹೋಗಬೇಡಿ.

ಎರಡನೆಯದು ಅಂಚು. ಇಲ್ಲಿ ಅವಸರ ಬೇಡ. ಬಟ್ಟೆ ಎಂದರೆ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಹೊಕ್ಕಿನ ನೂಲನ್ನು ಆಚೀಚೆ ಒಯ್ಯುವುದು ಲಾಳಿ. ಒಂದೇ ಲಾಳಿಯಲ್ಲಿ ನೇಯ್ದರೆ ಒಡಲಿನ ಹಳದಿ ಹೊಕ್ಕು ನೂಲು ಅಂಚಿನ ಕೆಂಪು ಹಾಸಿನೊಳಗೂ ಹೋಗುತ್ತದೆ. ಆಗ ಅಂಚು ಅಪ್ಪಟ ಕೆಂಪಾಗುವುದಿಲ್ಲ, ಕಿತ್ತಳೆ ಕಡೆಗೆ ವಾಲುತ್ತದೆ. ಕಂಚಿಯ ನೇಕಾರರು ಇದನ್ನು ತಪ್ಪಿಸಲು ಮೂರು ಲಾಳಿ ಬಳಸುತ್ತಾರೆ. ಒಡಲಿಗೆ ಒಂದು, ಎರಡು ಅಂಚಿಗೆ ಒಂದೊಂದು. ಒಡಲಿನ ನೂಲು ಅಂಚಿನ ಗಡಿಯವರೆಗೆ ಬಂದು, ಅಂಚಿನ ನೂಲಿಗೆ ಕೊಂಡಿ ಹಾಕಿಕೊಂಡು ಹಿಂತಿರುಗುತ್ತದೆ. ಇದಕ್ಕೆ ಕೊರ್ವೈ ಎನ್ನುತ್ತಾರೆ. ನೇಯುವವರ ಪಕ್ಕದಲ್ಲಿ ಕೂತು ಆಚೆ ಕಡೆಯ ಲಾಳಿ ಹಾಕಲು ಸಾಂಪ್ರದಾಯಿಕವಾಗಿ ಇನ್ನೊಬ್ಬರು ಬೇಕು. ಬೆಲೆ ಜಾಸ್ತಿ ಆಗುವುದು ಸುಮ್ನೆ ಅಲ್ಲ.

ಈಗ ಪರೀಕ್ಷೆ. ಅಂಚಿನ ತೀರಾ ಹೊರತುದಿಯನ್ನು ಬೆರಳಿನ ಮೇಲೆ ಮಡಿಸಿ ಕಣ್ಣ ಹತ್ತಿರ ಹಿಡಿಯಿರಿ. ನೂಲು ತಿರುಗಿ ಒಳಗೆ ಹೋಗುವ ಜಾಗ ಅದು. ಅಲ್ಲಿ ಸಾಸಿವೆ ಹಳದಿ ಇಣುಕಿದರೆ ಒಡಲಿನ ಹೊಕ್ಕೇ ಅಂಚಿಗೂ ಬಂದಿದೆ ಎಂದರ್ಥ. ಬರೀ ಕೆಂಪಿದ್ದರೆ ಸೀರೆ ತಿರುಗಿಸಿ, ಎರಡು ಬಣ್ಣ ಸೇರುವ ಗೆರೆಯ ಮೇಲೆ ಉಗುರಾಡಿಸಿ. ಕೊರ್ವೈ ಆದರೆ ಸಣ್ಣ ಏಣು ಕೈಗೆ ಸಿಗುತ್ತದೆ. ಹಲ್ಲುಹಲ್ಲಾಗಿ ಗೋಪುರದ ಸಾಲಿದ್ದರೆ ಒಂದೊಂದು ಹಲ್ಲಿನ ಬದಿಯೂ ಹೀಗೆ ಹೆಣೆದುಕೊಂಡಿರಬೇಕು. ಅಲ್ಲಲ್ಲಿ ಗೆರೆ ಒಂದು ಕೂದಲೆಳೆ ಆಚೀಚೆ ಆಗಿದ್ದರೆ ಮುಖ ಸಿಂಡರಿಸಬೇಡಿ, ಕೈಯಲ್ಲಿ ಮಾಡಿದ್ದು ಹಾಗೇ ಅಲ್ವಾ? ಸೂಜಿಯ ತೂತು, ಹೊಲಿಗೆ ಕಂಡರೆ ಮಾತ್ರ ಸೀರೆ ಮಡಿಸಿ ವಾಪಸ್ ಕೊಡಿ.

ಒಂದು ಮಾತು: ಕೊರ್ವೈ ಇಲ್ಲ ಎಂದ ಮಾತ್ರಕ್ಕೆ ಸೀರೆ ಸುಳ್ಳಲ್ಲ. ಒಂದೇ ಲಾಳಿಯ ಒಳ್ಳೆಯ ಕೈಮಗ್ಗದ ಸೀರೆಗಳೂ ಇವೆ. ಕೊರ್ವೈ ಬೆಲೆ ಕೊಟ್ಟು ಅದನ್ನು ತರಬೇಡಿ ಅಷ್ಟೇ.

ಮೂರನೆಯದು ಸೆರಗು. ಸೆರಗಿನ ಬಣ್ಣವೂ ಬೇರೆಯಾಗಿದ್ದರೆ ಹಾಸಿನ ನೂಲನ್ನೇ ಬದಲಿಸಿರುತ್ತಾರೆ. ಕಂಚಿಯಲ್ಲಿ ಆ ಸೇರುವ ಜಾಗದ ಪಟ್ಟಿ ತುಸು ದಪ್ಪಗಿರುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿ ಪಟ್ಟಿ ಬಂದರೆ ಅದು ತೋಪು ತೆನಿ. ಮರಾಠಿ ಅಜ್ಜಿಯರು ‘ಇರಕಲ್’ ಎಂದು ಉಡುವುದು ಇದನ್ನೇ. ನನ್ನನ್ನು ಕೇಳಿದರೆ, ಕಂಚಿಯ ಬೆಲೆ ಕೇಳಿ ಗಾಬರಿಯಾದವರು ಇಳಕಲ್ಲು ತೆಗೆದುಕೊಂಡು ಗುಳೇದಗುಡ್ಡ ಖಣದ ಕುಪ್ಪಸ ಹೊಲಿಸಿ. ಮದುವೆಮನೆಯಲ್ಲಿ ಎದ್ದು ಕಾಣುತ್ತದೆ.

ಆಮೇಲೆ ಗುರುತಿನ ಚೀಟಿ. ಸಿಲ್ಕ್ ಮಾರ್ಕ್ ಇದ್ದರೆ ರೇಷ್ಮೆ ಶುದ್ಧ ಎಂದು ಅರ್ಥ, ಕೈಮಗ್ಗ ಎಂದಲ್ಲ. ಅದಕ್ಕೆ 2006ರಲ್ಲಿ ಶುರುವಾದ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ಅದನ್ನು ಕೊಡುವ ಟೆಕ್ಸ್‌ಟೈಲ್ಸ್ ಕಮಿಟಿಯ ಮುಖ್ಯ ಕಚೇರಿ ಇಲ್ಲೇ ಪ್ರಭಾದೇವಿಯಲ್ಲಿದೆ. ಕರ್ನಾಟಕ ಸರಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಅಪ್ಪಟ ರೇಷ್ಮೆಯೇ, ಆದರೆ ವಿದ್ಯುತ್ ಮಗ್ಗದ್ದು. ಅದನ್ನು ಕೈಮಗ್ಗ ಎಂದು ಯಾರಾದರೂ ಮಾರಿದರೆ ನಕ್ಕು ಮುಂದೆ ಹೋಗಿ. ಚೀಟಿಯೇ ಇಲ್ಲದಿದ್ದರೆ ತುದಿಯ ಎರಡು ಎಳೆ ಕೇಳಿ ಪಡೆದು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಸೀರೆ ಮನೆಗೆ ಬಂದ ಮೇಲೆ ಫಾಲ್. ಬಣ್ಣ ಅಂಚಿಗೆ ಹೊಂದಬೇಕು, ಒಡಲಿಗಲ್ಲ. ಹತ್ತಿಯ ಫಾಲ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿಯೇ ಹೊಲಿಯಲು ಕೊಡಿ. ಇಲ್ಲದಿದ್ದರೆ ಮುಂದೆ ಅದು ಕುಗ್ಗಿ ಇಡೀ ಅಂಚನ್ನು ಸುಕ್ಕು ಹಿಡಿಸುತ್ತದೆ. ಹೊಲಿಗೆ ಕೈಯಲ್ಲೇ ಆಗಲಿ.

ಒಗೆಯುವ ವಿಷಯದಲ್ಲಿ ಧೈರ್ಯ ಬೇಡ. ಒದ್ದೆ ಬಿಳಿ ಬಟ್ಟೆಯನ್ನು ಅಂಚಿನ ಒಳಬದಿಗೆ ಒತ್ತಿ ನೋಡಿ. ಕೆಂಪು ಹತ್ತಿದರೆ, ನೀರಿಗೆ ಹಾಕಿದ ದಿನ ಹಳದಿ ಒಡಲಿಗೂ ಹತ್ತುತ್ತದೆ. ಡ್ರೈಕ್ಲೀನ್ ಮಾಡಿಸಿ.

ಇನ್ನು ಮುಂಬೈ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಗೋಡೆಯೇ ಬೆವರುತ್ತದೆ, ಕಪಾಟಿನ ಪಾಡು ಕೇಳಬೇಕೇ? ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸೀರೆ ಇಟ್ಟರೆ ಬೂಸ್ಟು ಬರುತ್ತದೆ, ಜರಿ ಕಪ್ಪಾಗುತ್ತದೆ. ನಿಜವಾದ ಜರಿಯಲ್ಲಿ ಬೆಳ್ಳಿ ಇರುತ್ತದೆ ನೋಡಿ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಮಳೆಗೆ ಮೊದಲೊಮ್ಮೆ, ದಸರಾ ಹೊತ್ತಿಗೊಮ್ಮೆ ನೆರಳಿನಲ್ಲಿ ಹರವಿ, ಬೇರೆ ಜಾಗದಲ್ಲಿ ಮಡಿಕೆ ಹಾಕಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟ ಸೀರೆ ಮೊದಲು ಬಿರಿಯುವುದು ಜರಿಯ ಅಂಚಿನಲ್ಲೇ.