ಮುಳ್ಳು ಏರದೆ ಕುದಿದ ಎಂಜಿನ್

ದೇವಿಮನೆ ಘಟ್ಟ ಹತ್ತುವಾಗ ಎಂಜಿನ್ ಕುದಿಯುತ್ತದೆ, ಆದರೆ ಉಷ್ಣತೆಯ ಮೀಟರಿನ ಮುಳ್ಳು ಅರ್ಧಕ್ಕೂ ಬರುವುದಿಲ್ಲ. ಕಾರವಾರದ ಬೈತಖೋಲದಿಂದ ಶಿರಸಿಯ ನನ್ನ ಗ್ಯಾರೇಜಿಗೆ ಬಂದ ಪೆಟ್ರೋಲ್ ಕಾರಿನ ದೂರು ಇದು. ಚೆಕ್ ಎಂಜಿನ್ ದೀಪ ಹತ್ತಿರಲಿಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತಿತ್ತು, ಸೈಲೆನ್ಸರಿನ ಬಾಯಿಗೆ ಮಸಿ ಹಿಡಿದಿತ್ತು. ಬೇರೆ ಗ್ಯಾರೇಜೊಂದರಲ್ಲಿ ಆಗಲೇ ಕೂಲೆಂಟ್ ಟೆಂಪರೇಚರ್ ಸೆನ್ಸರ್ (ಎಂಜಿನ್ ತಣಿಸುವ ನೀರಿನ ಬಿಸಿ ಅಳೆಯುವ ಭಾಗ) ಬದಲಿಸಿದ್ದರು, ಹಳೆಯದು ಡಿಕ್ಕಿಯಲ್ಲಿತ್ತು. “ಎಸಿ ಹಾಕಿಕೊಂಡು ಹತ್ತಿದರೆ ಕುದಿಯುವುದಿಲ್ಲ ಅಣ್ಣಾ” ಎಂದರು ಮಾಲೀಕರು.

ಆ ಮಾತೇ ನನಗೆ ದಾರಿ ತೋರಿಸಿತು. ಎಸಿ ಹಾಕಿದರೆ ರೇಡಿಯೇಟರ್ ಫ್ಯಾನ್ ಹೇಗೂ ತಿರುಗುತ್ತದೆ. ಹಾಗಾದರೆ ಫ್ಯಾನ್ ಸರಿಯಿದೆ, ನೀರೂ ಹರಿಯುತ್ತಿದೆ. ಎಂಜಿನ್ ಕಾದ ಸುದ್ದಿ ಮಾತ್ರ ಫ್ಯಾನ್ ತಿರುಗಿಸುವ ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಮುಟ್ಟುತ್ತಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಅದು ಪೆಟ್ರೋಲನ್ನೂ ಹೆಚ್ಚು ಸುರಿಯುತ್ತಿದೆ.

ಈ ಸೆನ್ಸರಿನೊಳಗೆ ಇರುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಸಾಮಾನ್ಯವಾಗಿ ಸಿಗುವ ಒಂದು ಬಗೆಯಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80 ಡಿಗ್ರಿಗೆ ಸುಮಾರು 320 ಓಮ್. ಇಸಿಯು ತನ್ನೊಳಗಿನ ರೆಸಿಸ್ಟರ್ ಮೂಲಕ 5 ವೋಲ್ಟ್ ಕಳುಹಿಸಿ, ಎಷ್ಟು ಉಳಿಯಿತು ಎಂಬುದರಿಂದ ಉಷ್ಣತೆಯ ಲೆಕ್ಕ ಹಾಕುತ್ತದೆ. ಅದಕ್ಕೆ ಸೆನ್ಸರ್ ಬೇರೆ, ವೈರ್ ಬೇರೆ ಎಂದು ತಿಳಿಯುವುದಿಲ್ಲ. ವೈರಿನಲ್ಲಿ 400 ಓಮ್ ಸೇರಿಕೊಂಡರೆ ಬೆಳಗಿನ ತಂಪಿನಲ್ಲಿ ನಾಲ್ಕೈದು ಡಿಗ್ರಿಯಷ್ಟೇ ತಪ್ಪುತ್ತದೆ; ಎಂಜಿನ್ ಕಾದಾಗ ಅದೇ 400 ಓಮ್ ಮೂವತ್ತು ಡಿಗ್ರಿಯನ್ನು ನುಂಗುತ್ತದೆ. ವೈರ್ ಪೂರ್ತಿ ತುಂಡಾಗಿದ್ದರೆ ಪಿ0118 ಎಂಬ ದೋಷದ ಕೋಡ್ ಬಂದು ದೀಪ ಹತ್ತುತ್ತಿತ್ತು. ಅರೆಬರೆ ಕೆಟ್ಟದ್ದನ್ನು ಎಷ್ಟೋ ಗಾಡಿಗಳು ಗುರುತಿಸುವುದೇ ಇಲ್ಲ. ನನಗೆ ಭಯ ಇಂಥದ್ದರದ್ದೇ, ಏಕೆಂದರೆ ಮುಳ್ಳನ್ನು ನಂಬಿ ಓಡಿಸಿದವರ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಸೀಲು) ಹೋಗುತ್ತದೆ.

ಕಾರನ್ನು ರಾತ್ರಿ ಇಟ್ಟುಕೊಂಡು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ, ಇಸಿಯುವಿನ ಲೆಕ್ಕವನ್ನು ಪರದೆಯ ಮೇಲೆ ತೋರಿಸುವ ಸ್ಕ್ಯಾನರ್ ಹಾಕಿದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲೆಂಟ್ ಮತ್ತು ಒಳಬರುವ ಗಾಳಿಯ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿ 25 ತೋರಿಸಿದರೆ ಕೂಲೆಂಟ್ 20 ತೋರಿಸುತ್ತಿತ್ತು. ಎಂಜಿನ್ ಕಾಯಿಸಿದೆ. ಮೇಲಿನ ಹೋಸ್ ಮುಟ್ಟಲಾಗದಷ್ಟು ಬಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ 85ರ ಸುತ್ತಮುತ್ತ. ಸ್ಕ್ಯಾನರ್ 57ಕ್ಕೆ ನಿಂತಿತ್ತು. (ಇನ್‌ಫ್ರಾರೆಡ್ ಹಿಡಿಯುವುದಾದರೆ ಕಪ್ಪು ರಬ್ಬರಿಗೆ ಹಿಡಿಯಿರಿ. ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ.)

ಮುಂದಿನ ಪರೀಕ್ಷೆಗೆ ಬೇಕಾದದ್ದು ಒಂದು ತುಂಡು ವೈರ್ ಮಾತ್ರ. ಸೆನ್ಸರಿನ ಪ್ಲಗ್ ಬಿಚ್ಚಿದರೆ ಸ್ಕ್ಯಾನರಿನಲ್ಲಿ ಮೈನಸ್ 40 ಬರಬೇಕು, ಬಂತು. ಪ್ಲಗ್ಗಿನ ಎರಡು ಟರ್ಮಿನಲ್‌ಗಳನ್ನು ಆ ತುಂಡಿನಿಂದ ಜೋಡಿಸಿದರೆ 130 ದಾಟಬೇಕು. ಬಂದದ್ದು 73. ಸೆನ್ಸರ್ ಈಗ ಸರ್ಕಿಟ್‌ನಲ್ಲೇ ಇಲ್ಲ, ಆದರೂ ತಪ್ಪು ಲೆಕ್ಕ ಬರುತ್ತಿದೆ. ಈ ಪರೀಕ್ಷೆಯಲ್ಲಿ ಕಣ್ಣು ಪರದೆಯ ಮೇಲೇ ಇರಲಿ: ದೋಷ ಕಂಡೊಡನೆ ಕೆಲವು ಇಸಿಯುಗಳು ತಮ್ಮದೇ ಒಂದು ಸಂಖ್ಯೆಯನ್ನು ತೋರಿಸತೊಡಗುತ್ತವೆ.

ಎರಡು ವೈರ್‌ಗಳಲ್ಲಿ ಯಾವುದು? ಜೋಡಣೆ ಹಾಗೆಯೇ ಇರುವಾಗ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಕೆಂಪನ್ನು ಪ್ಲಗ್ಗಿನ ಅರ್ತ್ ಟರ್ಮಿನಲ್‌ಗೆ ಇಟ್ಟೆ. ಸೊನ್ನೆಗೆ ತೀರ ಹತ್ತಿರ ಇರಬೇಕಾದಲ್ಲಿ ಮುಕ್ಕಾಲು ವೋಲ್ಟ್ ಇತ್ತು. ಅರ್ತ್ ವೈರೇ ಕೆಟ್ಟಿದೆ.

ಪ್ಲಗ್ ಹೊರಗಿನಿಂದ ಸ್ವಚ್ಛವಾಗಿಯೇ ಕಾಣುತ್ತಿತ್ತು. ಟರ್ಮಿನಲ್ ಹೊರಕ್ಕೆಳೆದು ನೋಡಿದರೆ, ವೈರನ್ನು ಕಚ್ಚಿ ಹಿಡಿದ ಜಾಗದಲ್ಲಿ ಹಸಿರು ಕಿಲುಬು. ವೈರ್ ಕತ್ತರಿಸುತ್ತ ಹೋದಂತೆ ಒಳಗಿನ ತಾಮ್ರವೂ ಕಪ್ಪಾಗಿತ್ತು. ಉಪ್ಪುನೀರು ಪ್ಲಾಸ್ಟಿಕ್ ಹೊದಿಕೆಯೊಳಗೆ ಎಳೆಗಳ ಸಂದಿಯಲ್ಲಿ ಹತ್ತಿಕೊಂಡು ಹೋಗುತ್ತದೆ. ಘಟ್ಟದ ಮೇಲಿನ ಗಾಡಿಗಳಲ್ಲಿ ನಾನು ಇಲಿ ಕಡಿದ ವೈರ್ ಹುಡುಕುತ್ತೇನೆ, ಕರಾವಳಿಯ ಗಾಡಿಗಳಲ್ಲಿ ಕಿಲುಬು. ಬಂದರಿನ ಬಳಿ ನಿಲ್ಲುವ, ಮೀನಿನ ಪೆಟ್ಟಿಗೆ ಹೇರುವ ಕಾರಿನಲ್ಲಿ ಸೆನ್ಸರಿಗಿಂತ ಮೊದಲು ವೈರಿನ ಮೇಲೆ ಅನುಮಾನ ಪಡಬೇಕು. ಡಿಕ್ಕಿಯಲ್ಲಿದ್ದ ಹಳೆಯ ಸೆನ್ಸರನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಅಳೆದೆ. 80 ಡಿಗ್ರಿಗೆ 320 ಓಮ್ ಆಸುಪಾಸು, ಏನೂ ಆಗಿರಲಿಲ್ಲ.

ತಾಮ್ರ ಕೆಂಪಗೆ ಹೊಳೆಯುವ ತನಕ ವೈರ್ ಕತ್ತರಿಸಿ, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿದೆ. ಅದರ ಮೇಲೆ, ಬಿಸಿ ತಾಗಿಸಿದರೆ ಕುಗ್ಗಿ ಬಿಗಿಯುವ, ಒಳಬದಿಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್ ತೋಳು, ತುದಿಗೆ ಹೊಸ ಟರ್ಮಿನಲ್, ಪ್ಲಗ್ಗಿನ ರಬ್ಬರ್ ಸೀಲಿಗೆ ಸಿಲಿಕೋನ್ ಗ್ರೀಸ್. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಕಾರವಾರದ ಒಂದು ಮಳೆಗಾಲಕ್ಕೂ ಅದು ತಾಳುವುದಿಲ್ಲ. ಮತ್ತೆ ತುಂಡು ವೈರ್ ಇಟ್ಟೆ. ಈ ಸಲ 130 ದಾಟಿತು. ಪರೀಕ್ಷೆಯಿಂದ ಉಳಿದ ಕೋಡ್‌ಗಳನ್ನು ಅಳಿಸಿ, ಎಸಿ ಆರಿಸಿ, ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇವಿಮನೆ ಇಳಿದು ಮತ್ತೆ ಹತ್ತಿದೆ. ಮುಳ್ಳು ಅರ್ಧಕ್ಕೆ ಬಂದು ನಿಂತಿತು, ಫ್ಯಾನ್ ತಾನೇ ತಿರುಗಿ ತಾನೇ ನಿಂತಿತು. ಹಳೆಯ ಸೆನ್ಸರನ್ನು ಎಸೆಯದೆ ಇಟ್ಟುಕೊಳ್ಳುವಂತೆ ಅವರಿಗೆ ಹೇಳಿದ್ದೇನೆ.